ಸ್ವರ್ಗಕ್ಕೆ ಎರಡು ಟಿಕೆಟ್

ಪೆರ್ಲದಲ್ಲಿ ಬಸ್ಸು ಹತ್ತಿ "ಸ್ವರ್ಗಕ್ಕೆ ಎರಡು" ಎಂದೆ. ಕಂಡಕ್ಟರ್ ಮುಖವನ್ನೂ ನೋಡದೆ ಟಿಕೆಟ್ ಕೊಟ್ಟು ಮುಂದಿನವರ ಕಡೆ ತಿರುಗಿದ. ದಿನವೂ ಜನರನ್ನು ಸ್ವರ್ಗಕ್ಕೆ ಕಳುಹಿಸುವವನಿಗೆ ಅದರಲ್ಲಿ ಏನು ವಿಶೇಷ? "ನೋಡಿದೆಯಾ, ಪಾಪನಿವೇದನೆಯನ್ನೂ ಕೇಳದೆ ಟಿಕೆಟ್ ಕೊಟ್ಟುಬಿಟ್ಟ" ಎಂದು ತಮ್ಮನ ಕಿವಿಯಲ್ಲಿ ಹೇಳಿದೆ. ತಮ್ಮ ನಗಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ಕೂತ.

ಸ್ವರ್ಗ ಎಂಬುದು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಒಂದು ಊರು. ಪೆರ್ಲದಿಂದ ಪಾಣಾಜೆ, ಪುತ್ತೂರಿನ ಕಡೆಗೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಹೆಸರು ಸ್ವರ್ಗವಾದರೂ ಈ ಊರಿನ ಸುತ್ತಮುತ್ತಲಿನವರು ಪಟ್ಟ ಪಾಡು ಪತ್ರಿಕೆ ಓದುವವರಿಗೆಲ್ಲ ಗೊತ್ತು. ಅಲ್ಲಿಗೆ ತಮ್ಮನನ್ನು ಏಕೆ ಕರೆದುಕೊಂಡು ಹೋದೆ ಎಂಬುದನ್ನು ಮೊದಲು ಹೇಳಬೇಕು.

ನಮ್ಮದು ಮಂಜೇಶ್ವರದಿಂದ ಒಳಗೆ, ಗುಡ್ಡೆಯ ಬದಿಯ ಮನೆ. ನಾನು ಶಾಲಾಮಾಸ್ಟ್ರಾಗಿ ಪಿಂಚಣಿ ತಿನ್ನುವವನು. ತಂದೆಯವರ ಅಡಿಕೆ ತೋಟ ತಮ್ಮನ ಪಾಲಿಗೆ ಬಂತು, ಅದರ ಜೊತೆಗೆ ತೋಟದ ಕಷ್ಟಗಳೂ ಬಂದವು. ಎಲೆಚುಕ್ಕಿ ರೋಗ ಬಂದು ಗರಿಗಳು ಒಣಗಿದವು. ಬೇಸಗೆಯಲ್ಲಿ ಬಾವಿ ತಳ ಕಂಡಿತು. ಸಾಲ ಮಾಡಿ ಕೊಳವೆಬಾವಿ ಕೊರೆಸಿದ, ಒಂದಲ್ಲ ಮೂರು. ಮೂರನೆಯದು 520 ಅಡಿ ಹೋಯಿತು. ಬಂದದ್ದು ಬರೇ ಬಿಳಿ ಹುಡಿ. ಲಾರಿಯವರು ಪೈಪು ಎತ್ತಿಕೊಂಡು ಹೋದ ರಾತ್ರಿ ತಮ್ಮ ಊಟ ಮಾಡಲಿಲ್ಲ. ಆಮೇಲೆ ನಿಧಾನವಾಗಿ ಮಾತು ಬಿಟ್ಟ. ಇಗರ್ಜಿಗೆ ಬರುವುದು ಬಿಟ್ಟ. ಸಂಜೆ ತೇರ್ಸಿಗೆ ಕೂತರೂ ಅವನ ತುಟಿ ಅಲ್ಲಾಡುತ್ತಿರಲಿಲ್ಲ. ಒಂದು ದಿನ ಅವನ ಹೆಂಡತಿ ಅಡುಗೆಕೋಣೆಯ ಬಾಗಿಲಲ್ಲಿ ನಿಂತು, "ಬಾವ, ಇವರನ್ನು ಒಬ್ಬರೇ ತೋಟಕ್ಕೆ ಹೋಗಲು ಬಿಡಬೇಡಿ" ಎಂದಳು. ಅದಕ್ಕಿಂತ ಹೆಚ್ಚು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

2025 ಜುಬಿಲಿ ವರ್ಷ. 'ಭರವಸೆಯ ಯಾತ್ರಿಕರು' ಎಂಬ ಧ್ಯೇಯವಾಕ್ಯವನ್ನು ಪೋಪ್ ಫ್ರಾನ್ಸಿಸರು ಕೊಟ್ಟಿದ್ದರು. ಎಲ್ಲ ಇಗರ್ಜಿಗಳಲ್ಲಿಯೂ ಅದರ ಬ್ಯಾನರು. ನಮ್ಮ ವಾಳೆಯ ಗುರ್ಕಾರರು ಯಾತ್ರೆಯ ಪಟ್ಟಿ ಹಿಡಿದು ಮನೆಗೆ ಬಂದಾಗ ತಮ್ಮ ಎದ್ದು ಹಿತ್ತಲಿಗೆ ಹೋದ. ಬಸ್ಸು ತುಂಬ ಜನ, ಹಾಡು, ಊಟದ ಪೊಟ್ಟಣ, ಅದು ಅವನಿಗೆ ಬೇಡ. ಸರಿ, ನಾವಿಬ್ಬರೇ ಯಾತ್ರೆ ಹೋಗುವ ಎಂದು ನಿಶ್ಚಯಿಸಿದೆ. ತಪಸ್ಸಿನ ಕಾಲದ ಒಂದು ಶನಿವಾರ, ಮಾರ್ಚ್ ತಿಂಗಳ ಕೊನೆ. "ಬೇಳದ ಇಗರ್ಜಿಗೆ ಹೋಗಿ ಬರುವ, ಅಮ್ಮ ಹರಕೆ ಹೇಳಿಕೊಳ್ಳುತ್ತಿದ್ದದ್ದು ಅಲ್ಲಿಗೇ ಅಲ್ಲವೇ" ಎಂದೆ. ಅಮ್ಮನ ಹೆಸರೆತ್ತಿದ್ದಕ್ಕೆ ಅಂಗಿ ಹಾಕಿಕೊಂಡ.

ಬೆಳಗ್ಗೆ ಕುಂಬಳೆಯಲ್ಲಿ ಇಳಿದೆವು. ಆಗ ರಾಷ್ಟ್ರೀಯ ಹೆದ್ದಾರಿ 66ರ ಕೆಲಸ ನಡೆಯುತ್ತಿದ್ದ ಸಮಯ. ನಲ್ವತ್ತು ವರ್ಷ ಓಡಾಡಿದ ದಾರಿ ನನಗೆ ಗುರುತು ಸಿಗಲಿಲ್ಲ. ಗುಡ್ಡೆ ಇದ್ದಲ್ಲಿ ಗೋಡೆ, ಮರ ಇದ್ದಲ್ಲಿ ಆಕಾಶ. ಒಳದಾರಿಯ ಬಸ್ಸು ಸೀತಾಂಗೋಳಿ ದಾಟಿದ ಮೇಲೆ ಮಾತ್ರ ಹಳೆಯ ಕಾಸರಗೋಡು ಕಣ್ಣಿಗೆ ಬಿತ್ತು. ನಮ್ಮ ಜಿಲ್ಲೆಯ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತರೆ ಅದೇ ಒಂದು ಯಾತ್ರೆ. ಹಿಂದಿನ ಸೀಟಿನಲ್ಲಿ ತುಳು, ಮುಂದೆ ಮಲಯಾಳ, ಬದಿಯಲ್ಲಿ ಹವ್ಯಕ ಕನ್ನಡ, ನಾವಿಬ್ಬರು ಕೊಂಕಣಿ, ಬೋರ್ಡುಗಳ ಮೇಲೆ ಎರಡು ಲಿಪಿ. ಮನೆಯಲ್ಲಿ ಕೊಂಕಣಿ ಮಾತಾಡಿ, ಪೇಟೆಯಲ್ಲಿ ತುಳು ಮಾತಾಡಿ, ಕಾಗದ ಬರೆಯುವಾಗ ಕನ್ನಡ ಹಿಡಿಯುವ ಜನ ನಾವು. 1956ರ ನವೆಂಬರ್ 1ರಂದು ಗಡಿ ಆ ಕಡೆಗೆ ಸರಿದು ನಾವು ಕೇರಳದವರಾದೆವು. ಧರ್ಮಪ್ರಾಂತ್ಯ ಮಾತ್ರ ಮಂಗಳೂರೇ ಉಳಿಯಿತು. ನಮ್ಮ ಬಿಷಪರು ಒಂದು ರಾಜ್ಯದಲ್ಲಿ, ನಮ್ಮ ಕಲೆಕ್ಟರರು ಇನ್ನೊಂದು ರಾಜ್ಯದಲ್ಲಿ!

ಬೇಳದ ಶೋಕಮಾತೆಯ ಇಗರ್ಜಿ 1890ರಷ್ಟು ಹಿಂದಿನದು. ಕಾಸರಗೋಡು ನಾಡಿನ ಹಳೆಯ ಇಗರ್ಜಿಗಳಲ್ಲಿ ಒಂದು. ಗೋಥಿಕ್ ಶೈಲಿಯ ಕಟ್ಟಡ. ಮೇಲಕ್ಕೆ ಚೂಪಾಗುವ ಕಮಾನುಗಳು, ಮೇಲಕ್ಕೇ ಕಣ್ಣನ್ನು ಎಳೆಯುವ ಮುಖ. ಸುತ್ತ ಅಡಿಕೆ, ತೆಂಗು, ಗೇರು ಇರುವ ಈ ಹಳ್ಳಿಯಲ್ಲಿ ಅಂಥ ಕಟ್ಟಡ ಹೇಗೆ ಎದ್ದಿತು ಎಂದು ಹೊಸಬರಿಗೆ ಆಶ್ಚರ್ಯವಾಗುತ್ತದೆ. ನಮ್ಮ ಅಮ್ಮ ಬೇರೆ ಯಾವ ಇಗರ್ಜಿಗೆ ಹೋದರೂ ಸಂತರ ಹತ್ತಿರ ಏನಾದರೊಂದು ಕೇಳುವವರು. ಇಲ್ಲಿಗೆ ಬಂದರೆ ಏನೂ ಕೇಳುತ್ತಿರಲಿಲ್ಲ. "ಇವಳ ಹತ್ತಿರ ಕೇಳುವುದಕ್ಕಿಲ್ಲ, ಕೂತುಕೊಳ್ಳುವುದಕ್ಕೆ ಬರುವುದು" ಎನ್ನುತ್ತಿದ್ದರು. ಗಂಡು ಮಗು ಒಂದು ತೀರಿಕೊಂಡ ವರ್ಷ ಅವರು ಬಂದು ಕೂತದ್ದನ್ನು ನಾನು ಕಂಡಿದ್ದೇನೆ. ಆಗ ನನಗೆ ಎಂಟು ವರ್ಷ.

ನಾವು ಹೋದಾಗ ಬಲಿಪೂಜೆಯ ಹೊತ್ತಲ್ಲ. ಒಳಗೆ ಇಬ್ಬರು ಮುದುಕಿಯರು ಮಾತ್ರ. ನಾನು ಮುಂದಿನ ಬೆಂಚಿಗೆ ಹೋದೆ. ತಮ್ಮ ಬಾಗಿಲ ಹತ್ತಿರದ ಕೊನೆಯ ಬೆಂಚಿನಲ್ಲಿ, ಎದ್ದು ಹೋಗಲು ತಯಾರಾದವನಂತೆ ಕೂತ.

ಈಚೆಗೆ ನನಗೆ ಒಂದು ಸಿಟ್ಟು ಇದೆ, ಓದುಗರು ಕ್ಷಮಿಸಬೇಕು. ಯಾರಿಗಾದರೂ ಕಷ್ಟ ಬಂದಾಗ ನಾವು ಬಾಯಿತುಂಬ ಹೇಳುವ ಮಾತುಗಳ ಮೇಲೆ ಸಿಟ್ಟು. "ಎಲ್ಲಾ ಒಳ್ಳೆಯದಕ್ಕೇ", "ದೇವರು ಪ್ರೀತಿಸುವವರನ್ನೇ ಪರೀಕ್ಷಿಸುವುದು", "ನಗುನಗುತ್ತಾ ಇರು". ತಮ್ಮನ ಮನೆಗೆ ಬಂದವರೆಲ್ಲ ಇದನ್ನು ಹೇಳಿ, ಚಾ ಕುಡಿದು ಹೋದರು. ನಾನೂ ಹೇಳಿದ್ದೇನೆ. ಹೇಳಿದವನಿಗೆ ಹಗುರ, ಕೇಳಿದವನಿಗೆ ಇನ್ನೊಂದು ಭಾರ. ಆದರೆ ಶೋಕಮಾತೆಯ ಎದುರು ಈ ಮಾತು ಯಾವುದೂ ನಿಲ್ಲುವುದಿಲ್ಲ. ನಮ್ಮ ಧರ್ಮಸಭೆ ಆಕೆಯ ಎದೆಯ ಕತ್ತಿಗಳನ್ನು ಮುಚ್ಚಿಡದೆ ಏಳು ಎಂದು ಎಣಿಸಿ, ಸೆಪ್ಟೆಂಬರ್ 15ರಂದು ಹಬ್ಬವನ್ನೇ ಇಟ್ಟಿದೆ. ಯೊವಾನ್ನರ ಶುಭಸಂದೇಶ ಆಕೆಯ ಬಗ್ಗೆ ಹೇಳುವುದು ಇಷ್ಟೇ: ಶಿಲುಬೆಯ ಬಳಿ ನಿಂತಿದ್ದಳು. ಅತ್ತಳೆಂದೂ ಇಲ್ಲ, ಸಮಾಧಾನದ ಮಾತು ಆಡಿದಳೆಂದೂ ಇಲ್ಲ. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲ. ಆದರೂ ಯೇಸುಸ್ವಾಮಿಯ ಕೊನೆಯ ದಿನವನ್ನು 'ಗೊಲ್ಗೊಥಾ' ಎಂಬ ಕಾವ್ಯವಾಗಿ ಬರೆದರು. ಮಕ್ಕಳಿಗೆ ಆ ಕಾವ್ಯದ ಬಗ್ಗೆ ಹೇಳುವಾಗಲೆಲ್ಲ ನನಗೆ ಅನಿಸುತ್ತಿತ್ತು: ಆ ಶುಕ್ರವಾರ ನಮ್ಮೊಬ್ಬರ ಸ್ವತ್ತಲ್ಲ, ನೋವು ಕಂಡವರೆಲ್ಲರದು.

ಹೊರಗೆ ಬಂದಾಗ ತಮ್ಮ ಅಂದು ಮೊದಲ ಬಾರಿಗೆ ಬಾಯಿ ಬಿಟ್ಟ.

"ಅಣ್ಣ, ಅವಳಿಗೆ ಮೂರನೆಯ ದಿನ ಅಂತ ಒಂದು ಇತ್ತು. ನನಗೆ?"

ನಲ್ವತ್ತು ವರ್ಷ ಪಾಠ ಮಾಡಿದವನು ನಾನು. ಉತ್ತರ ಬರಲಿಲ್ಲ. "ಶನಿವಾರ ಅವಳಿಗೂ ಶನಿವಾರವೇ ಆಗಿತ್ತಲ್ಲ ಮಾರಾಯ" ಎಂದೆ. ಅವನು ಒಪ್ಪಿದನೋ ಇಲ್ಲವೋ ತಿಳಿಯಲಿಲ್ಲ. ಬಸ್ಸು ಬಂತು.

ಬದಿಯಡ್ಕ ದಾಟಿ ಪೆರ್ಲದ ಕಡೆಗೆ ಏರುವ ದಾರಿಯನ್ನು ಮಾರ್ಚ್ ತಿಂಗಳಲ್ಲಿ ನೋಡಬೇಕು. ಗುಡ್ಡೆಯ ತಲೆಯಲ್ಲಿ ಕಪ್ಪುಗಟ್ಟಿದ ಮುರಕಲ್ಲು, ಒಣಗಿದ ಮುಳಿಹುಲ್ಲು. ಕೆಳಗೆ ಎರಡು ಗುಡ್ಡೆಗಳ ಸಂದಿಯಲ್ಲಿ ಕಡು ಹಸಿರಿನ ಅಡಿಕೆ ತೋಟ. ಈ ಜಿಲ್ಲೆಯಲ್ಲಿ ಹನ್ನೆರಡು ಹೊಳೆಗಳು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಆದರೂ ಫೆಬ್ರವರಿ ಬಂದರೆ ಕೊಡಪಾನ ಹಿಡಿದು ಓಡಬೇಕು. ಕಾರಣ ಈ ಮುರಕಲ್ಲೇ. ಅದರ ಮೈತುಂಬ ತೂತು. ಮಳೆಗಾಲದಲ್ಲಿ ಕುಡಿದ ನೀರನ್ನು ಗುಡ್ಡೆ ಬೇಗನೆ ತಗ್ಗಿಗೆ ಬಿಟ್ಟುಕೊಡುತ್ತದೆ, ತೋಡುಗಳು ಅದನ್ನು ಸಮುದ್ರಕ್ಕೆ ಮುಟ್ಟಿಸಿಬಿಡುತ್ತವೆ. ಆದರೆ ಎಲ್ಲವನ್ನೂ ಬಿಟ್ಟುಕೊಡುವುದಿಲ್ಲ. ಮುರಕಲ್ಲಿನ ಅಡಿಯ ಜೇಡಿ ಪದರದ ಮೇಲೆ ಸ್ವಲ್ಪ ನೀರು ಹೊಟ್ಟೆಯಲ್ಲಿಟ್ಟುಕೊಂಡು ಕೂತಿರುತ್ತದೆ. ಅದನ್ನು ಕಂಡುಕೊಂಡವರು ಈ ಸೀಮೆಯ ಹಳಬರು. ಅದು ಮುಂದೆ ಬರುತ್ತದೆ.

ಪೆರ್ಲದ ಕಡೆಯ ಶಾಲೆಯೊಂದರಲ್ಲಿ ನಾನು ಕೆಲವು ವರ್ಷ ಇದ್ದೆ. ಸ್ವರ್ಗದ ಆಚೆ, ಪಡ್ರೆ ಗ್ರಾಮದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಅಕ್ಕನ ಮನೆ ಇದೆ. ಅಲ್ಲಿಗೆ ಹೋಗುವುದೆಂದು ತಮ್ಮನಿಗೆ ಬಸ್ಸು ಹತ್ತಿದ ಮೇಲೆಯೇ ಹೇಳಿದ್ದು.

ಈ ಗುಡ್ಡೆಗಳ ಮೇಲೆ ಸರಕಾರಿ ನಿಗಮದ ಗೇರು ತೋಟಗಳಿವೆ. ಚಹಾ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ವರ್ಷಕ್ಕೆ ಎರಡು ಮೂರು ಸಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಶಾಲೆಯ ಮಕ್ಕಳು ಹೆಲಿಕಾಪ್ಟರ್ ನೋಡಲು ಅಂಗಳಕ್ಕೆ ಓಡುತ್ತಿದ್ದರು. ತೋಟ ಗುಡ್ಡೆಯ ತಲೆಯಲ್ಲಿ, ಜನ ಗುಡ್ಡೆಯ ಬುಡದಲ್ಲಿ. ನೀರೆಲ್ಲ ಮೇಲಿನಿಂದ ಕೆಳಗೆ ಇಳಿಯುವುದು. 1979ರಲ್ಲೇ ಪತ್ರಕರ್ತ ಶ್ರೀ ಪಡ್ರೆಯವರು ಇಲ್ಲಿ ಅಂಗವಿಕಲ ಕರುಗಳು ಹುಟ್ಟುತ್ತಿರುವುದನ್ನು ಬರೆದರು. ಇಲ್ಲಿಯೇ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನ ಕುಮಾರರು ಮನೆಮನೆಗಳಲ್ಲಿ ಒಂದೇ ರೀತಿಯ ಕಾಯಿಲೆಗಳನ್ನು ಕಂಡು ಲೆಕ್ಕ ಬರೆದಿಟ್ಟರು, ಕೇಳುವವರಿಲ್ಲದಿದ್ದರೂ ಬರೆದರು. ಕೃಷಿ ಇಲಾಖೆಯಲ್ಲಿ ಕೆಲಸದಲ್ಲಿದ್ದ ಲೀಲಾಕುಮಾರಿ ಅಮ್ಮ ಎಂಬ ಹೆಂಗಸು ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋಗಿ 1998ರಲ್ಲಿ ತಡೆಯಾಜ್ಞೆ ತಂದರು. 2011ರ ಮೇಯಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಆ ವಿಷವನ್ನು ನಿಲ್ಲಿಸಿತು. ನೊಂದವರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿಯಲ್ಲಿ ತೀರ್ಪಾಯಿತು, ಮೂರು ತಿಂಗಳ ಗಡುವಿನೊಂದಿಗೆ. ಐದು ವರ್ಷ ಕಳೆದು 2022ರಲ್ಲಿ ಅದೇ ನ್ಯಾಯಾಲಯ ಸರಕಾರವನ್ನು ಮತ್ತೊಮ್ಮೆ ಗದರಬೇಕಾಯಿತು. ಇಷ್ಟನ್ನು ಬರೆಯಲು ನನಗೆ ಹತ್ತು ನಿಮಿಷ ಬೇಕಾಗಲಿಲ್ಲ. ಅವರಿಗೆ ನಲ್ವತ್ತಕ್ಕೂ ಮಿಕ್ಕಿ ವರ್ಷ ಹಿಡಿಯಿತು.

ಅಕ್ಕನ ಮನೆಯ ಅಂಗಳ ಸೆಗಣಿ ಸಾರಿಸಿ ಚೊಕ್ಕಟವಾಗಿತ್ತು. ಜಗಲಿಯಲ್ಲಿ ಮಗ ಚಾಪೆಯ ಮೇಲೆ ಮಲಗಿದ್ದ. ಪ್ರಾಯ ಮೂವತ್ತು ದಾಟಿದೆ, ಮೈ ಹತ್ತು ವರ್ಷದ ಹುಡುಗನದು. ಮಾತಿಲ್ಲ. ನಮ್ಮನ್ನು ಕಂಡು ಕುತ್ತಿಗೆ ತಿರುಗಿಸಿ ಒಂದು ಸ್ವರ ಎಬ್ಬಿಸಿದ. "ನಗ್ತಾ ಇದ್ದಾನೆ ಮಾಸ್ಟ್ರೇ, ನಿಮಗೆ ಗೊತ್ತಾಗುದಿಲ್ಲ" ಎಂದರು ಅಕ್ಕ. ಅವರು ಮಾತಾಡಿದ್ದು ತುಳುವಿನಲ್ಲಿ, ನಾನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಬೆಲ್ಲ, ನೀರು ತಂದಿಟ್ಟರು. ನೀರು ತಣ್ಣಗೆ, ಸಿಹಿಯಾಗಿತ್ತು. ಆ ನೀರನ್ನು ಕುಡಿಯುವಾಗ ಒಂದು ಕ್ಷಣ ನನ್ನ ಕೈ ತಡೆಯಿತು ಎಂಬುದನ್ನು ಒಪ್ಪಿಕೊಳ್ಳಬೇಕು. ಅಕ್ಕನಿಗೆ ಅದು ತಿಳಿಯಿತು. "ಕುಡೀರಿ, ಈಗ ಎಂತದೂ ಇಲ್ಲ" ಎಂದರು. ಬಂದವರು ಹಾಗೆ ತಡೆಯುವುದು ಅವರಿಗೆ ಅಭ್ಯಾಸವಾಗಿರಬೇಕು. ನನಗೆ ನಾಚಿಕೆಯಾಯಿತು.

ಅಕ್ಕನ ದಿನ ಬೆಳಗ್ಗೆ ನಾಲ್ಕೂವರೆಗೆ ಸುರು. ಮಗನಿಗೆ ಸ್ನಾನ, ಗಂಜಿ ತಿನ್ನಿಸುವುದು ಒಂದು ಗಂಟೆಯ ಕೆಲಸ, ಹುಣ್ಣಾಗದಂತೆ ಆಗಾಗ ಹೊರಳಿಸಿ ಮಲಗಿಸುವುದು. ಸಂದಿನಲ್ಲಿ ಹಸು, ಬೀಡಿ, ತೋಟ. ಇಂಥ ಮಕ್ಕಳಿಗೆಂದು ಪಂಚಾಯತಿನ ಬಡ್ಸ್ ಶಾಲೆ ಇದೆ. ಅಲ್ಲಿಗೆ ಹೋಗುವಷ್ಟು ಇವನ ಮೈ ಗಟ್ಟಿಯಿಲ್ಲ. ಗಂಡ ತೀರಿಕೊಂಡು ಹನ್ನೊಂದು ವರ್ಷ. ಇಷ್ಟನ್ನು ಅವರು ಗೋಳಾಗಿ ಹೇಳಲಿಲ್ಲ, ನಾವು ಕೇಳಿದ್ದಕ್ಕೆ ಹೇಳಿದರು. ಒಂದೇ ಒಂದು ಮಾತಿಗೆ ಸ್ವರ ಇಳಿಯಿತು.

"ನಾನು ಹೋದ ಮೇಲೆ ಇವನಿಗೆ ಯಾರು? ಅದೊಂದೇ ಮಾಸ್ಟ್ರೇ. ಉಳಿದದ್ದೆಲ್ಲ ಕೆಲಸ, ಮಾಡಿದರೆ ಮುಗೀತದೆ."

ಸಮಾಧಾನದ ಮಾತು ಬಾಯಿಯವರೆಗೆ ಬಂತು. ಬೇಳದ ಮಾತೆ ನೆನಪಾಗಿ ನುಂಗಿಕೊಂಡೆ. ತಮ್ಮ ಅಷ್ಟು ಹೊತ್ತೂ ಸುಮ್ಮನಿದ್ದವನು, ಮೆಲ್ಲನೆ ಚಾಪೆಯ ಹತ್ತಿರ ಜರಗಿ ಕೂತು ಹುಡುಗನ ಕೈ ಹಿಡಿದುಕೊಂಡ. ಹುಡುಗ ಮತ್ತೆ ಆ ಸ್ವರ ಎಬ್ಬಿಸಿದ. ಈ ಸಲ ಅದು ನಗು ಎಂದು ನನಗೂ ತಿಳಿಯಿತು.

ಅಂಗಳದ ಮೂಲೆಯಲ್ಲಿ ನಾಲ್ಕು ಹಲಸಿನ ಸಸಿ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಕಾದಿದ್ದವು. "ಮಳೆ ಬಿದ್ದ ಕೂಡಲೇ ನೆಡುದು" ಎಂದರು ಅಕ್ಕ. ಹಲಸು ಕಾಯಿ ಬಿಡಲು ಎಷ್ಟು ವರ್ಷ ಬೇಕೆಂದು ಅವರಿಗೆ ಗೊತ್ತಿಲ್ಲದೆ ಇಲ್ಲ.

"ನೀರು ಯಾವುದಕ್ಕ, ಬೋರಾ?" ತಮ್ಮ ಕೇಳಿದ. ಎಷ್ಟೋ ತಿಂಗಳ ನಂತರ ಅವನು ಹೊರಗಿನವರೊಡನೆ ತಾನಾಗಿ ಆಡಿದ ಮೊದಲ ಮಾತು.

"ಬೋರೆಲ್ಲಿಂದ ಬೇಕು? ಸುರಂಗ. ಅಜ್ಜ ತೋಡಿದ್ದು. ಕರೀತೇನೆ, ತೋರಿಸ್ತಾರೆ."

ಅಜ್ಜ ಎಂದರೆ ಪಕ್ಕದ ಮನೆಯ ಹಿರಿಯರು. ಪ್ರಾಯ ಎಂಬತ್ತರ ಹತ್ತಿರ. ಸೊಂಟಕ್ಕೆ ಬೈರಾಸು, ಕೈಯಲ್ಲಿ ಕತ್ತಿ. ಸುರಂಗ ತೋಡುವುದೇ ಒಂದು ಕಾಲದಲ್ಲಿ ಅವರ ಕಸುಬು. ಈ ಕಸುಬನ್ನು ಅರಿಯದ ದೂರದ ಓದುಗರಿಗಾಗಿ ಸ್ವಲ್ಪ ವಿವರಿಸಬೇಕು. ಸುರಂಗ ಎಂದರೆ ಅಡ್ಡ ಬಾವಿ. ನೆಲಕ್ಕೆ ಕೆಳಮುಖವಾಗಿ ಕೊರೆಯದೆ, ಗುಡ್ಡೆಯ ಬದಿಯಿಂದ ಒಳಕ್ಕೆ ನೇರವಾಗಿ ತೋಡುವುದು. ಒಬ್ಬ ಆಳು ತಲೆ ತಗ್ಗಿಸಿ ಹೋಗುವಷ್ಟು ಎತ್ತರ, ಎರಡು ಅಡಿಯಷ್ಟು ಅಗಲ. ಗುಡ್ಡೆಯ ಹೊಟ್ಟೆಯಲ್ಲಿರುವ ನೀರಿನ ಪದರ ಮುಟ್ಟಿದರೆ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಹಿಂದೆ ಅಡಿಕೆ ಮರದ ದಂಬೆಯಲ್ಲಿ ಹರಿಸುತ್ತಿದ್ದರು, ಈಗ ಪೈಪು. ಕಾಸರಗೋಡು ಮತ್ತು ಅದಕ್ಕೆ ತಾಗಿದ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಇಂಥವು ಸಾವಿರಾರು ಇವೆ. ಕೆಲವು ಮನೆಗಳಿಗೆ ಎರಡು ಮೂರು.

ಉದ್ದ ಅಳೆಯುವುದು ಕೋಲಿನಲ್ಲಿ. ಒಂದು ಕೋಲು ಎಂದರೆ ಎರಡೂವರೆ ಅಡಿಗೆ ತುಸು ಕಡಿಮೆ. ಒಳಗೆ ಒಬ್ಬ ಪಿಕಾಸಿ ಹಿಡಿದು ಕಡಿಯುತ್ತಾನೆ, ಇನ್ನೊಬ್ಬ ಮಣ್ಣು ಎಳೆದು ಹೊರಗೆ ಹಾಕುತ್ತಾನೆ. ದೂರ ಹೋದಂತೆ ಬೆಳಕಿಲ್ಲ, ಗಾಳಿಯೂ ಕಡಿಮೆ. ಅದಕ್ಕೆ ದೀಪ.

"ದೀಪ ಬೆಳಕಿಗೆ ಮಾತ್ರ ಅಲ್ಲ" ಎಂದರು ಅಜ್ಜ. "ದೀಪ ಸಣ್ಣ ಆದರೆ ಗಾಳಿ ಸಣ್ಣ ಆಯ್ತು ಅಂತ ಲೆಕ್ಕ. ಆಗ ಹಟ ಮಾಡಬಾರದು. ಹೊರಗೆ ಬರಬೇಕು, ಕೂತು ಉಸಿರಾಡಬೇಕು, ಮತ್ತೆ ಹೋಗಬೇಕು."

"ನೀರು ಇದೆ ಅಂತ ಹೇಗೆ ಗೊತ್ತಾಗುದು ಅಜ್ಜ?" ತಮ್ಮ ಕೇಳಿದ.

"ಗೊತ್ತಾಗುದಿಲ್ಲ. ಬೇಸಗೆಯಲ್ಲಿ ಯಾವ ಮರ ಹಸಿರು ಉಂಟು, ಹುತ್ತ ಎಲ್ಲಿ ಎದ್ದಿದೆ ಅಂತ ನೋಡ್ತೇವೆ. ಮಣ್ಣು ಮುಷ್ಟಿ ಹಿಡಿದು ನೋಡ್ತೇವೆ, ಉಂಡೆ ಕಟ್ಟಿದರೆ ತೇವ ಹತ್ತಿರ ಉಂಟು. ಆದರೂ ನೀರು ಕಾಣುವವರೆಗೆ ನೀರಿಲ್ಲ."

"ಸಿಗದಿದ್ದರೆ?"

"ಸಿಗದ್ದೂ ಉಂಟು. ಜರಿದು ಬಿದ್ದದ್ದೂ ಉಂಟು. ಮತ್ತೊಂದು ಕಡೆ ತೋಡುದು."

ತಮ್ಮ ಇನ್ನೇನೂ ಕೇಳಲಿಲ್ಲ. ಟಾರ್ಚು ಹಿಡಿದು ಅಜ್ಜನ ಹಿಂದೆ ತಲೆ ತಗ್ಗಿಸಿ ಒಳಗೆ ಹೋದ. ನಾನೂ ಹಿಂಬಾಲಿಸಿದೆ. ಹತ್ತು ಹೆಜ್ಜೆಗೆ ಹೊರಗಿನ ಬಿಸಿಲು ಮರೆತುಹೋಯಿತು. ಎರಡೂ ಭುಜಕ್ಕೆ ಗೋಡೆ ತಾಗುತ್ತದೆ. ಗೋಡೆಯ ತುಂಬ ಪಿಕಾಸಿಯ ಪೆಟ್ಟಿನ ಗುರುತು, ಒಂದರ ಪಕ್ಕ ಒಂದು, ಮೀನಿನ ಹೊಳ್ಳೆಯ ಹಾಗೆ. ಕಾಲಡಿಯಲ್ಲಿ ಪಾದ ಮುಳುಗುವಷ್ಟು ತಣ್ಣೀರು ನಿಧಾನವಾಗಿ ನಮಗೆ ಎದುರಾಗಿ ಬರುತ್ತಿತ್ತು. "ಇದು ಐವತ್ತೆರಡು ಕೋಲು" ಎಂದು ಮುಂದಿನಿಂದ ಅಜ್ಜನ ಸ್ವರ ಬಂತು. "ನಲ್ವತ್ತೊಂಬತ್ತರವರೆಗೆ ಒಣ ಮಣ್ಣು. ಎರಡು ಬೇಸಗೆ. ಈ ಅಕ್ಕನ ಗಂಡನೇ ಮಣ್ಣು ಎಳೆಯುತ್ತಿದ್ದದ್ದು. ಮಗ ಹುಟ್ಟಿ ಹೀಗೆ ಅಂತ ಗೊತ್ತಾದ ವರ್ಷ. ಎಲ್ಲ ಬಿಟ್ಟು ಹೋಗುವ ಅಂತ ಇದ್ದರು. ಮತ್ತೆ, ನೀರಿಲ್ಲದೆ ಮಗುವನ್ನು ತೊಳೆಯುದು ಹೇಗೆ ಅಂತ ತೋಡ್ಲಿಕ್ಕೆ ಸುರು ಮಾಡಿದ್ದು."

ಕೊನೆಯಲ್ಲಿ ಗೋಡೆಯೇ ಬೆವರುತ್ತಿತ್ತು. ಅಜ್ಜ ಟಾರ್ಚು ಆರಿಸಲು ಹೇಳಿದರು. ಆ ಕತ್ತಲೆಯನ್ನು ಏನೆಂದು ಬರೆಯಲಿ? ನನ್ನ ಕೈ ನನಗೆ ಕಾಣದು. ಹನಿ ಬೀಳುವ ಶಬ್ದ ಮಾತ್ರ, ಟಪ್, ಟಪ್, ಒಂದು ಬಲಕ್ಕೆ, ಒಂದು ಎಡಕ್ಕೆ. ತಮ್ಮನ ಉಸಿರಾಟ ಹತ್ತಿರದಲ್ಲಿ ಕೇಳುತ್ತಿತ್ತು. ಎಷ್ಟು ಹೊತ್ತು ನಿಂತೆವೋ ತಿಳಿಯದು. ಟಾರ್ಚು ಹತ್ತಿಸಿದಾಗ ಅವನ ಅಂಗೈ ಗೋಡೆಯ ಮೇಲಿತ್ತು, ಬೆರಳುಗಳ ಸಂದಿನಿಂದ ನೀರು ಮೊಣಕೈಗೆ ಇಳಿಯುತ್ತಿತ್ತು.

ಹೊರಗೆ ಬಂದು ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕೂತಾಗ, ಅಡ್ಯನಡ್ಕದ ಮಹಾಲಿಂಗ ನಾಯ್ಕರ ಮಾತು ಬಂತು. ಗಡಿಯ ಆಚೆ, ಬಂಟ್ವಾಳ ತಾಲೂಕಿನ ಕೇಪು ಗ್ರಾಮದವರು. ಅಡಿಕೆ ಮರ ಹತ್ತುವ ಕೂಲಿಯಾಗಿದ್ದವರಿಗೆ ಧನಿಗಳು ಗುಡ್ಡೆಯ ಇಳಿಜಾರಿನಲ್ಲಿ ಒಣ ಜಾಗ ಕೊಟ್ಟರು. ಹಗಲು ಕೂಲಿ, ಸಂಜೆಯ ಮೇಲೆ ದೀಪ ಹಿಡಿದು ಒಬ್ಬರೇ ಸುರಂಗ. ಒಂದಲ್ಲ ಎರಡಲ್ಲ, ಹಲವು ಸುರಂಗಗಳು ನೀರಿಲ್ಲದೆ ವ್ಯರ್ಥವಾದವು, ವರ್ಷಗಳು ಕಳೆದವು, ಊರವರು ಹುಚ್ಚು ಎಂದರು. ಕೊನೆಗೆ ನೀರು ಬಂತು, ಅಡಿಕೆ, ಬಾಳೆ, ತೆಂಗು ಎದ್ದವು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮಲ್ಲಿ ಎಲ್ಲರೂ ಆ ಪದ್ಮಶ್ರೀಯ ಬಗ್ಗೆ ಹೇಳುತ್ತಾರೆ. ನನಗೆ ಮಾತ್ರ, ನೀರಿಲ್ಲದ ಸುರಂಗವನ್ನು ಬಿಟ್ಟು ಇನ್ನೊಂದಕ್ಕೆ ಪಿಕಾಸಿ ಎತ್ತಿದ ಆ ಸಂಜೆಗಳ ಬಗ್ಗೆ ತಿಳಿಯಬೇಕೆಂದು ಆಸೆ. ಆಗ ಯಾರೂ ಫೋಟೋ ತೆಗೆಯಲು ಬಂದಿರಲಿಲ್ಲ.

ಆದಿಕಾಂಡದಲ್ಲಿ ಇಸಾಕನ ಒಂದು ಕಥೆ ಇದೆ. ಪ್ರವಚನಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಅಪ್ಪ ಅಬ್ರಹಾಮನ ಕಾಲದ ಬಾವಿಗಳನ್ನು ಫಿಲಿಷ್ಟಿಯರು ಮಣ್ಣು ತುಂಬಿ ಮುಚ್ಚಿದ್ದರು. ಇಸಾಕ ಅವನ್ನು ಮತ್ತೆ ತೋಡಿಸಿ, ಅಪ್ಪ ಇಟ್ಟ ಹೆಸರುಗಳನ್ನೇ ಇಟ್ಟ. ಹೊಸ ಬಾವಿ ತೋಡಿದರೆ ಊರವರು ಜಗಳಕ್ಕೆ ಬಂದರು. ಬಿಟ್ಟುಕೊಟ್ಟು ಮುಂದೆ ಹೋಗಿ ಇನ್ನೊಂದು ತೋಡಿಸಿದ. ಅದಕ್ಕೂ ಜಗಳ. ಮತ್ತೊಂದು ತೋಡಿಸಿದ. ಅದಕ್ಕೆ ಯಾರೂ ಬರಲಿಲ್ಲ, ವಿಶಾಲ ಸ್ಥಳ ಎಂಬರ್ಥದ ಹೆಸರಿಟ್ಟ. ಈ ಅಧ್ಯಾಯದಲ್ಲಿ ದೊಡ್ಡ ಪವಾಡವಿಲ್ಲ, ಸಮುದ್ರ ಇಬ್ಭಾಗವಾಗುವುದಿಲ್ಲ. ಒಬ್ಬ ಮನುಷ್ಯ ಬಾವಿ ತೋಡುತ್ತ ಹೋಗುತ್ತಾನೆ, ದೇವರು ಅವನ ಜೊತೆ ಇರುತ್ತಾರೆ, ಅಷ್ಟೇ. ಭರವಸೆ ಎಂದರೆ ಮನಸ್ಸಿನಲ್ಲಿ ಮೂಡುವ ಒಂದು ಖುಷಿ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಅದು ಬಾರದಿದ್ದಾಗ ತಮ್ಮನನ್ನು ಬೈದೆ, "ನಿನಗೆ ವಿಶ್ವಾಸ ಸಾಲದು" ಎಂದೆ. ಆದರೆ ಆ ಅಕ್ಕ ನಾಲ್ಕೂವರೆಗೆ ಏಳುವಾಗ ಖುಷಿಯಿಂದ ಏಳುತ್ತಾರೆಂದು ನಾನು ಹೇಗೆ ಹೇಳಲಿ? ಏಳುತ್ತಾರೆ. ಅವರು ಕ್ರೈಸ್ತರಲ್ಲ. ಆದರೆ ಸಂತ ಪೌಲರು ರೋಮಿನವರಿಗೆ ಬರೆದ ಪತ್ರದಲ್ಲಿ, ಕಾಣದ್ದಕ್ಕಾಗಿ ತಾಳ್ಮೆಯಿಂದ ಕಾಯುವುದರ ಬಗ್ಗೆ ಹೇಳಿದ್ದನ್ನು ನನಗೆ ಅರ್ಥ ಮಾಡಿಸಿದ್ದು ಆ ಜಗಲಿ.

ಹೊರಡುವಾಗ ತಮ್ಮ ಅಕ್ಕನ ಮಗನ ತಲೆ ಸವರಿ, ಅಜ್ಜನ ಹತ್ತಿರ ಹೋದ. ಏನು ಮಾತಾಡಿದನೋ ನನಗೆ ಕೇಳಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಹೇಳಿದ: "ಅಜ್ಜ ವಿಷು ಕಳೆದು ಬರ್ತಾರೆ. ನಮ್ಮ ಮೇಲಿನ ಗುಡ್ಡೆ ನೋಡ್ಲಿಕ್ಕೆ." ಸ್ವಲ್ಪ ಹೊತ್ತು ಬಿಟ್ಟು, "ಪಿಕಾಸಿ ಹಿಡಿಯುದಿಲ್ಲವಂತೆ, ಪ್ರಾಯ ಆಯ್ತಂತೆ. ಜಾಗ ತೋರಿಸ್ತಾರಂತೆ."

ಅಜ್ಜ ಬಂದರು. ಗುಡ್ಡೆ ಸುತ್ತಿದರು, ಮಣ್ಣು ಮುಷ್ಟಿ ಹಿಡಿದರು, ಒಂದು ಹುತ್ತದ ಹತ್ತಿರ ತುಂಬ ಹೊತ್ತು ನಿಂತರು. ಖಂಡಿತ ಸಿಗುತ್ತದೆ ಎಂದು ಹೇಳಲಿಲ್ಲ. ಸುತ್ತಲೂ ಬೋರು ಜಾಸ್ತಿಯಾದ ಕಡೆ ಹಳೆಯ ಸುರಂಗಗಳೇ ಬತ್ತಿದ್ದುಂಟು ಎಂಬುದನ್ನೂ ಮುಚ್ಚಿಡಲಿಲ್ಲ. ಒಂದು ಕಡೆ ಕತ್ತಿಯಿಂದ ಗುರುತು ಹಾಕಿ, "ಇಲ್ಲಿ ನೋಡಬಹುದು" ಎಂದರು. ಪಾಸ್ಖ ಹಬ್ಬ ಮುಗಿದ ವಾರ ತಮ್ಮ ಸುರು ಮಾಡಿದ. ಮಣ್ಣು ಎಳೆಯುವವನು ಅವನ ದೊಡ್ಡ ಮಗ, ಅವನಿಗೆ ರಜೆಯಿರುವ ದಿನ. ಉಳಿದ ದಿನ ನಾನು. ಎಪ್ಪತ್ತರ ಹತ್ತಿರದ ಮಾಸ್ಟ್ರು ಎಷ್ಟು ಮಣ್ಣು ಎಳೆಯಬಹುದು ಎಂದು ಕೇಳಬೇಡಿ. ಮಳೆಗಾಲದಲ್ಲಿ ಕೆಲಸ ನಿಂತಿತು. ಕ್ರಿಸ್ಮಸ್ ಕಳೆದ ಮೇಲೆ ಮತ್ತೆ ಸುರು.

ಸಾಲ ತೀರಿಲ್ಲ. ಎಲೆಚುಕ್ಕಿ ಹೋಗಿಲ್ಲ. ಆದಿತ್ಯವಾರ ಇಗರ್ಜಿಗೆ ಬರುತ್ತಾನೆ, ಕೊನೆಯ ಬೆಂಚಿನಲ್ಲೇ ಕೂರುತ್ತಾನೆ. ಮೊನ್ನೆ ಸಂಜೆ ಮೂವತ್ತೊಂದನೆಯ ಕೋಲು ಮುಗಿಸಿ, ಮೈಯೆಲ್ಲ ಕೆಂಪಾಗಿ ಹೊರಗೆ ಬಂದ. ಒಂದು ಮುಷ್ಟಿ ಮಣ್ಣನ್ನು ನನ್ನ ಎದುರು ಗಟ್ಟಿಯಾಗಿ ಹಿಚುಕಿ ಕೈ ಬಿಡಿಸಿದ. ಉಂಡೆ ಕಟ್ಟಲಿಲ್ಲ, ಹುಡಿಯಾಗಿ ಉದುರಿತು. ಅವನು ಅಂಗೈಯನ್ನು ಒಂದು ಕ್ಷಣ ನೋಡಿ, ಬೈರಾಸಿಗೆ ಒರಸಿಕೊಂಡ.

"ನಾಳೆ ಲಾಟೀನಿಗೆ ಎಣ್ಣೆ ತರಬೇಕು ಅಣ್ಣ" ಎಂದ.